ಅಲ್ಲಿ ಒಂಬತ್ತೂವರೆ, ಇಲ್ಲಿ ಎಂಟು

ದುಬೈಯಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಬಂಟ್ವಾಳದಲ್ಲಿ ಒಂಬತ್ತೂವರೆ. ನನ್ನ ತಮ್ಮ ಬಿ.ಸಿ.ರೋಡಿನ ಅಂಗಡಿಯ ಶಟರ್ ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಬೈಕ್ ಹತ್ತುವ ಹೊತ್ತು. ಅಲ್ಲಿಂದ ಪಾಣೆಮಂಗಳೂರು ಸೇತುವೆ ದಾಟಿ ಮೆಲ್ಕಾರಿನ ಆಚೆ ಇರುವ ನಮ್ಮ ಮನೆಗೆ ಹೆಚ್ಚೆಂದರೆ ಹದಿನೈದು ನಿಮಿಷ. ಆ ಹದಿನೈದು ನಿಮಿಷ ನಾನು ಇಲ್ಲಿ ಫೋನ್ ಕೈಯಲ್ಲಿ ಹಿಡಿದೇ ಕೂತಿರುತ್ತೇನೆ. ಎಂಟೂಕಾಲಿಗೆ "ಮುಟ್ಟಿದ್ಯಾ?" ಅಂತ ಒಂದು ಮೆಸೇಜ್ ಹಾಕುತ್ತೇನೆ. ಅವನಿಂದ ಒಂದು ಹೆಬ್ಬೆಟ್ಟು ಬರುತ್ತದೆ. ಹೆಚ್ಚಿನ ದಿನ ಅಣ್ಣ ತಮ್ಮಂದಿರ ಮಾತುಕತೆ ಅಷ್ಟೇ.

ಮೊದಲು ಇದು ಉಲ್ಟಾ ಇತ್ತು. 2007ರಲ್ಲಿ ನಾನು ಬರುವಾಗ ಬಜ್ಪೆಯಿಂದ ನೇರ ದುಬೈಗೆ ವಿಮಾನ ಶುರುವಾಗಿ ವರ್ಷವೂ ಆಗಿರಲಿಲ್ಲ. ಅದಕ್ಕೆ ಮುಂಚಿನವರು ಬೊಂಬಾಯಿ ಬಸ್ಸು ಹತ್ತಿ, ಅಲ್ಲಿ ಯಾರದೋ ಪರಿಚಯದವರ ಹೋಟೆಲಿನಲ್ಲಿ ಮಲಗಿ, ಆಮೇಲೆ ವಿಮಾನ ಹತ್ತಿದವರು. ನನಗೆ ಸುಲಭವಾಯ್ತು. ಆದರೂ ಅಮ್ಮನಿಗೆ ಚಿಂತೆ ನನ್ನದೇ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ರಾತ್ರಿ ಡ್ಯೂಟಿ ಮುಗಿಸಿ ಒಬ್ಬನೇ ನಡೆದು ಬರ್ತಾನಂತೆ. ಪ್ರತಿ ಶುಕ್ರವಾರ ಕಾಲಿಂಗ್ ಕಾರ್ಡಿನಲ್ಲಿ ಮಾತಾಡುವಾಗ ಮೊದಲ ಪ್ರಶ್ನೆ, "ಅಲ್ಲಿ ಗಲಾಟೆ ಎಂತ ಇಲ್ಲ ಅಲ್ವಾ?" ನಾನು ನಗುತ್ತಿದ್ದೆ. ಇಲ್ಲಿ ಎಂತ ಗಲಾಟೆ ಅಮ್ಮ. ರಾತ್ರಿ ಒಂದು ಗಂಟೆಗೆ ಕರಾಮದ ಗಲ್ಲಿಯಲ್ಲಿ ನಡೆದು ಬಂದರೂ ಯಾರೂ ತಿರುಗಿ ನೋಡುವುದಿಲ್ಲ.

ಈಗ ಆ ಪ್ರಶ್ನೆ ನನ್ನದು.

ಊರಿನ ಬಗ್ಗೆ ಮೊದಲ ಸಲ ಬೇರೆಯವರ ಬಾಯಲ್ಲಿ ಕೇಳಿದ್ದು 2009ರ ಜನವರಿಯಲ್ಲಿ. ಆಫೀಸಿನ ಫಿಲಿಪ್ಪೀನ್ಸ್ ಹುಡುಗಿಯೊಬ್ಬಳು ಟಿವಿಯಲ್ಲಿ ಮಂಗಳೂರಿನ ಪಬ್ ದಾಳಿ ನೋಡಿ ಬಂದಿದ್ದಳು. ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಲೋಕವೆಲ್ಲ ನೋಡಿತ್ತು. "ಇದು ನಿನ್ನ ಊರಾ?" ಅಂತ ಕೇಳಿದಳು. ನನ್ನ ಊರು ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ದೂರ ಅಂತ ಹೇಳಿದೆ. ಎಂಥಾ ಉತ್ತರ ನೋಡಿ. 2012ರಲ್ಲಿ ಪಡೀಲಿನ ಹೋಮ್‌ಸ್ಟೇ ದಾಳಿ ಆದಾಗಲೂ ಹಾಗೇ ಏನೋ ಹೇಳಿ ತಪ್ಪಿಸಿಕೊಂಡೆ. ಎರಡೂ ಕ್ಯಾಮೆರಾದ ಮುಂದೆಯೇ ನಡೆದದ್ದು. ಪಬ್ ಕೇಸಿನಲ್ಲಿ 2018ರಲ್ಲಿ, ಹೋಮ್‌ಸ್ಟೇ ಕೇಸಿನಲ್ಲಿ 2024ರಲ್ಲಿ ಆರೋಪಿಗಳು ಖುಲಾಸೆ ಆದರು. ನಾವೆಲ್ಲ ಕಣ್ಣಾರೆ ಕಂಡದ್ದು ಕೋರ್ಟಿಗೆ ಹೋಗಿ ಮುಟ್ಟುವಷ್ಟರಲ್ಲಿ ಏನಾಯಿತೋ. ನಮ್ಮಲ್ಲಿ ಹೆದರಬೇಕಾದವರು ಹೆದರದೆ, ಸುಮ್ನೆ ಬೀದಿಯಲ್ಲಿ ಹೋಗುವವರು ಹೆದರುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ದಿನ ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆಮೇಲೆ ಎರಡು ದಿನ ಮೊಬೈಲ್ ಇಂಟರ್ನೆಟ್ ಬಂದ್. ಪರದೇಶದಲ್ಲಿರುವವರಿಗೆ ಮಾತ್ರ ಅರ್ಥವಾಗುವ ಒಂದು ಸಂಗತಿ ಹೇಳುತ್ತೇನೆ. ಇಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬೋಟಿಮ್ ಆ್ಯಪ್‌ನಲ್ಲೇ ಊರಿಗೆ ಮಾತು. ಊರಲ್ಲಿ ನೆಟ್ ಹೋದರೆ ಅದೂ ಇಲ್ಲ. ಮನೆಯ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ತೆಗೆಸಿಬಿಡು ಅಂತ ತಮ್ಮನಿಗೆ ನಾನೇ ಎರಡು ವರ್ಷದಿಂದ ಹೇಳುತ್ತಿದ್ದೆ. ಅವನು ಸೋಮಾರಿ, ತೆಗೆಸಿರಲಿಲ್ಲ. ಆ ಹಳೇ ಫೋನಿನ ರಿಂಗ್ ಈ ಕಡೆಯಿಂದ ಕೇಳುತ್ತಾ ನಿಂತದ್ದು ನೆನಪಿದೆ. ಹನ್ನೊಂದು ರಿಂಗ್. ಅಮ್ಮ ಹಿತ್ತಲಿನಲ್ಲಿ ಮೆಣಸು ಒಣಹಾಕುತ್ತಿದ್ದಳಂತೆ.

2022ರ ಜುಲೈ ಕೊನೆಯ ಹೊತ್ತಿಗೆ ಹತ್ತು ದಿನದೊಳಗೆ ಮೂರು ಕೊಲೆ. ಎರಡು ಬೆಳ್ಳಾರೆ ಕಡೆ, ಒಂದು ಸುರತ್ಕಲ್‌ನಲ್ಲಿ. ಸಂಜೆ ಆರರಿಂದ ಬೆಳಗ್ಗೆ ಆರರ ತನಕ ಅಂಗಡಿ ಮುಚ್ಚಬೇಕು ಅಂತ ಆರ್ಡರ್ ಬಂತು. ಆರು ಗಂಟೆಗೆ ಬಿ.ಸಿ.ರೋಡ್ ಮುಚ್ಚುವುದು ಅಂದರೆ ಏನು ಅಂತ ನನಗೆ ಊಹಿಸಲೂ ಆಗಲಿಲ್ಲ. ನಾವು ಬೆಳೆದದ್ದು ರಾತ್ರಿಯ ಊರಿನಲ್ಲಿ. ಯಕ್ಷಗಾನದ ಆಟ ನೋಡಲು ಊಟ ಮಾಡಿ ಹೊರಟರೆ ಬೆಳಗ್ಗೆ ಮಂಗಳ ಪದ್ಯ ಕೇಳಿಯೇ ಬರುವುದು. ಕೋಲ ಆದರೂ ರಾತ್ರಿಯೇ, ಉರೂಸ್ ಆದರೂ ರಾತ್ರಿಯೇ. ಮೈದಾನದ ಅಂಚಿನಲ್ಲಿ ಗ್ಯಾಸ್‌ಲೈಟ್ ಇಟ್ಟುಕೊಂಡು ಚರುಮುರಿ ಮಾಡುವವನು ನಮ್ಮ ಪಾಲಿಗೆ ಅರ್ಧ ದೇವರು. ಎರಡು ಗಂಟೆ ರಾತ್ರಿಗೆ ಗದ್ದೆಯ ಹುಣಿಯಲ್ಲಿ ಟಾರ್ಚ್ ಹಿಡಿದು ನಾಲ್ಕು ಮಕ್ಕಳು ಮನೆಗೆ ಬರುತ್ತಿದ್ದರೆ ಹೆದರಿಕೆ ಇದ್ದದ್ದು ಹಾವಿಗೆ, ಹೆಚ್ಚೆಂದರೆ ಕುಲೆಗೆ, ಅಂದರೆ ಪ್ರೇತಕ್ಕೆ. ಮನುಷ್ಯರಿಗಲ್ಲ. (ಆಟ ಈಗ ಹೆಚ್ಚಾಗಿ ಕಾಲಮಿತಿ ಆಗಿದೆ. ಕಟೀಲು ಮೇಳವೂ 2022ರಲ್ಲಿ ಹಾಗೆ ಆಗಿತ್ತು. ಅದು ಮೈಕಿನ ನಿಯಮದ ಕಾರಣಕ್ಕೆ, ಕೊಲೆಗಳಿಗಲ್ಲ. ಆದರೆ ರಾತ್ರಿ ಕಳೆದುಕೊಂಡ ಲೆಕ್ಕಕ್ಕೆ ಅದನ್ನೂ ಸೇರಿಸಿಬಿಡುವ ಅನಿಸುತ್ತದೆ.)

ಇಷ್ಟು ಹೇಳಿದ್ದು 2025ಕ್ಕೆ ಬರಲು.

ಏಪ್ರಿಲ್ 27ಕ್ಕೆ ಕುಡುಪುವಿನಲ್ಲಿ ಕ್ರಿಕೆಟ್ ಆಟದ ಜಾಗದಲ್ಲಿ ಒಬ್ಬನನ್ನು ಗುಂಪು ಸೇರಿ ಹೊಡೆದು ಕೊಂದರು. ವಯನಾಡಿನ ಕಡೆಯವನು. ಮೊದಲು ಅಸಹಜ ಸಾವು ಅಂತ ಕೇಸಾಯಿತು, ಆಮೇಲೆ ಕೊಲೆ ಅಂತಾಯಿತು. ಮೇ 1ಕ್ಕೆ ಬಜ್ಪೆಯ ಕಿನ್ನಿಪದವಿನಲ್ಲಿ ಇನ್ನೊಂದು. ಕಾರಿಗೆ ಪಿಕಪ್ ಗುದ್ದಿಸಿ, ನಡುರಸ್ತೆಯಲ್ಲಿ ತಲವಾರಿನಿಂದ ಕಡಿದದ್ದು. ಸತ್ತವನು 2022ರ ಸುರತ್ಕಲ್ ಕೊಲೆಯ ಮುಖ್ಯ ಆರೋಪಿ.

ಗಲ್ಫಿನವರಿಗೆ ಬಜ್ಪೆ ಅಂದರೆ ಏನು ಅಂತ ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ನಮ್ಮ ಊರಿನ ಬಾಗಿಲು. 2010ರ ಮೇ 22ರ ಬೆಳಗ್ಗೆ ದುಬೈ ವಿಮಾನ ಅಲ್ಲಿ ಗುಡ್ಡದಿಂದ ಕೆಳಗೆ ಬಿದ್ದು 158 ಜನ ಸತ್ತಾಗ ಇಲ್ಲಿ ಪ್ರತಿ ಬಿಲ್ಡಿಂಗ್‌ನಲ್ಲೂ ಯಾರಾದರೂ ಒಬ್ಬರು ಅಳುತ್ತಿದ್ದರು. ಆವತ್ತು ಲಿಸ್ಟಿನಲ್ಲಿ ಹೆಸರು ಹುಡುಕುವಾಗ ಎಲ್ಲಾ ಹೆಸರನ್ನೂ ಓದಿದ್ದೆವು. ಅದು ಯಾವ ಜಾತಿ, ಯಾವ ಧರ್ಮ ಅಂತ ಯಾರೂ ನೋಡಿರಲಿಲ್ಲ. ನಮ್ಮ ಫ್ಲೈಟಿನ ಜನ, ಅಷ್ಟೇ.

ಮೇ 1ರ ರಾತ್ರಿ ಹಾಗಿರಲಿಲ್ಲ. ಅದನ್ನು ಬರೆಯಲಿಕ್ಕೆ ನನಗೆ ನಾಚಿಕೆ ಆಗುತ್ತದೆ, ಆದರೆ ಬರೆಯುತ್ತೇನೆ.

ಇಲ್ಲಿ ಏಳೂವರೆ ಆಗಿತ್ತು. ನಾನು ಮಂಚದ ಮೇಲೆ ಕೂತು ಸಾಕ್ಸ್ ಬಿಚ್ಚುತ್ತಿದ್ದೆ. ರೂಮ್‌ಮೇಟ್ ಅಡುಗೆಮನೆಯಲ್ಲಿ ನೀರುಳ್ಳಿ ಕೊಚ್ಚುತ್ತಿದ್ದ. ಅವನು ಫರಂಗಿಪೇಟೆಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ. ಒಂಬತ್ತು ವರ್ಷದಿಂದ ಒಂದೇ ರೂಮು, ಒಂದೇ ಫ್ರಿಜ್ಜು. ಕೋರಿ ರೊಟ್ಟಿಯ ಗಸಿಗೆ ಎಷ್ಟು ತೆಂಗಿನಕಾಯಿ ಹಾಲು ಅನ್ನುವುದರ ಮೇಲೆ ಮಾತ್ರ ನಮ್ಮ ಜಗಳ. ಅಷ್ಟರಲ್ಲಿ ಗ್ರೂಪಿಗೆ ವಿಡಿಯೊ ಬಂತು. ಹತ್ತು ಸೆಕೆಂಡು ನೋಡಿ ನಿಲ್ಲಿಸಿದೆ. ತಮ್ಮನಿಗೆ ಮೆಸೇಜ್ ಹಾಕಿದೆ. ಏನಂತ ಹಾಕಿದೆ ಗೊತ್ತುಂಟಾ? "ಯಾರು?" ಅಂತ. ಹೆಸರು ಕೇಳಿದ್ದಲ್ಲ ಅದು. ನಮ್ಮೂರಿನಲ್ಲಿ ಒಂದು ಕೊಲೆ ಆದ ಮೇಲಿನ ಮೊದಲ ಐದು ನಿಮಿಷದಲ್ಲಿ "ಯಾರು?" ಅಂತ ಕೇಳಿದರೆ ಅದಕ್ಕೆ ಅರ್ಥ ಒಂದೇ. ನಮ್ಮವನಾ, ಅವರವನಾ?

ತಮ್ಮ ಉತ್ತರ ಕೊಟ್ಟ. ಓದಿ ತಲೆ ಎತ್ತಿದರೆ ರೂಮ್‌ಮೇಟ್ ಚೂರಿ ಕೆಳಗಿಟ್ಟು ಅಡುಗೆಮನೆಯ ಬಾಗಿಲಲ್ಲಿ ತನ್ನ ಫೋನ್ ನೋಡುತ್ತಾ ನಿಂತಿದ್ದ. ಅವನೂ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದಿದ್ದ. ಇಬ್ಬರೂ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ, "ನಿನ್ನ ತಮ್ಮ ಮನೆ ಮುಟ್ಟಿದನಾ?"

ಮರುದಿನ ಬಂದ್. ಬಸ್ಸಿಗೆ ಕಲ್ಲು. ತಮ್ಮ ಅಂಗಡಿ ತೆರೆಯಲಿಲ್ಲ.

ಮೇ 27ಕ್ಕೆ ಸರದಿ ರೂಮ್‌ಮೇಟಿನದಾಯಿತು. ಕೊಳತ್ತಮಜಲಿನಲ್ಲಿ ಹಾಡಹಗಲೇ ಮನೆಯೊಂದರ ಹತ್ತಿರ ಮರಳು ಇಳಿಸುತ್ತಿದ್ದ ಪಿಕಪ್ ಡ್ರೈವರನ್ನು ಕಡಿದು ಕೊಂದರು. ನಮ್ಮ ಬಂಟ್ವಾಳ ತಾಲೂಕೇ. ಕಡಿದವರಲ್ಲಿ ಪರಿಚಯದವರೇ ಇದ್ದರು ಅಂತ ದೂರಿನಲ್ಲಿತ್ತು. ರೂಮ್‌ಮೇಟಿನ ಭಾವನೂ ಪಿಕಪ್ ಓಡಿಸುತ್ತಾನೆ, ಮರಳು, ಕಲ್ಲು, ಅಡಿಕೆ, ಯಾವುದು ಸಿಕ್ಕಿದರೆ ಅದು. ನಾನು ಆಫೀಸಿನಲ್ಲಿದ್ದೆ. ಇಲ್ಲಿ ಮಧ್ಯಾಹ್ನದ ಊಟದ ಹೊತ್ತು. ತಮ್ಮನಿಂದ ಬಂದದ್ದು ಒಂದೇ ಸಾಲು, "ನಮ್ಮವನಲ್ಲ." ನನ್ನ ಎದೆಯಲ್ಲಿ ಏನೋ ಸಡಿಲ ಆಯಿತು. ಸುಳ್ಳು ಹೇಳುವುದಿಲ್ಲ, ಆಯಿತು. ಅರ್ಧ ನಿಮಿಷ ಕಳೆದ ಮೇಲೆ ಭಾವನ ನೆನಪಾಗಿ ರೂಮ್‌ಮೇಟಿಗೆ ಫೋನ್ ಮಾಡಿದೆ. ಅವನ ಫೋನ್ ಬ್ಯುಸಿ. ಮತ್ತೆ ಬ್ಯುಸಿ. ಇಪ್ಪತ್ತು ನಿಮಿಷ ಬ್ಯುಸಿ. ಭಾವ ಆವತ್ತು ಗಾಡಿಯನ್ನು ಸರ್ವಿಸಿಗೆ ಬಿಟ್ಟಿದ್ದನಂತೆ.

ಆ ಅರ್ಧ ನಿಮಿಷದ ವಿಷಯ ನಾನು ಅವನಿಗೆ ಇವತ್ತಿನವರೆಗೆ ಹೇಳಿಲ್ಲ.

ಊರು ಹಾಳಾಯಿತು ಅಂತ ಇಲ್ಲಿ ಕೂತು ನಾವು ದಿನಾ ಹೇಳುತ್ತೇವೆ. ಶುಕ್ರವಾರದ ಬಿರಿಯಾನಿಗೆ ಅದು ಉಪ್ಪಿನಕಾಯಿ ಇದ್ದ ಹಾಗೆ. ಹೇಳಲಿಕ್ಕೆ ವಿಷಯಕ್ಕೇನೂ ಬರ ಇಲ್ಲ. 2024ರ ಜುಲೈಯಲ್ಲಿ ಮಂಗಳೂರಲ್ಲಿ ವಯಸ್ಸಾದ ದಂಪತಿಯ ಮನೆಗೆ ಚಡ್ಡಿ ಗ್ಯಾಂಗ್ ನುಗ್ಗಿತು. ಪೊಲೀಸರು ಐದೇ ಗಂಟೆಯಲ್ಲಿ ಸಕಲೇಶಪುರದ ಹತ್ತಿರ ಹಿಡಿದರು, ಅದನ್ನೂ ಹೇಳಬೇಕು. 2025 ಹುಟ್ಟಿದ ಮೂರನೇ ದಿನಕ್ಕೆ ವಿಟ್ಲದ ಕಡೆ ಒಂದು ಮನೆಗೆ ಇ.ಡಿ. ಆಫೀಸರುಗಳು ಅಂತ ಹೇಳಿಕೊಂಡು ಬಂದವರು ದುಡ್ಡು ಗುಡಿಸಿಕೊಂಡು ಹೋದರು. ಅದೇ ತಿಂಗಳು ಕೆ.ಸಿ.ರೋಡಿನಲ್ಲಿ ಕೋಟೆಕಾರು ಸಹಕಾರಿ ಸಂಘಕ್ಕೆ ಹಾಡಹಗಲೇ ನುಗ್ಗಿ ಅಡವಿಟ್ಟ ಚಿನ್ನ ದೋಚಿದರು. ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಹಿಡಿದ ಎಂಡಿಎಂಎ ಅನ್ನುವ ಮಾದಕ ವಸ್ತು ಸುಮಾರು 38 ಕಿಲೋ. ಗ್ರಾಮ್ ಲೆಕ್ಕದಲ್ಲಿ ಮಾರುವ ವಸ್ತು ಅದು. ಮಕ್ಕಳನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟ ತಂದೆ ತಾಯಿಗೆ ಇಲ್ಲಿ ಆವತ್ತು ಊಟ ಸೇರಲಿಲ್ಲ.

ಕಳ್ಳತನಕ್ಕೆ ನಾವೂ ದಾರಿ ಮಾಡಿಕೊಟ್ಟಿದ್ದೇವೆ. ಗಲ್ಫಿನ ದುಡ್ಡಿನಲ್ಲಿ ಮೂರು ಮಾಳಿಗೆ ಮನೆ ಕಟ್ಟಿಸುತ್ತೇವೆ. ಒಳಗೆ ಇರುವುದು ಎಪ್ಪತ್ತು ದಾಟಿದ ಇಬ್ಬರು, ಅವರೂ ಕೆಳಗಿನ ಒಂದು ಕೋಣೆಯಲ್ಲಿ. ಗೇಟಿನ ಮೇಲೆ ಸಿಸಿಟಿವಿ, ಅದರ ಆ್ಯಪ್ ನಮ್ಮ ಫೋನಿನಲ್ಲಿ. ನನ್ನ ಪರಿಚಯದ ಒಬ್ಬರು ಶಾರ್ಜಾದಲ್ಲಿ ಟ್ರಾಫಿಕ್ಕಿನಲ್ಲಿ ಕೂತು ತನ್ನ ಮನೆಯ ಅಂಗಳದಲ್ಲಿ ಯಾರೋ ತಿರುಗುವುದನ್ನು ಲೈವ್ ಆಗಿ ನೋಡಿದರು. ಕಿರುಚಿದರೆ ಯಾರಿಗೆ ಕೇಳಬೇಕು? ಕೊನೆಗೆ ನೋಡಿದರೆ ಅದು ಜಾಗ ತಪ್ಪಿ ಬಂದ ಕೊರಿಯರ್ ಹುಡುಗ.

ದೂರದಿಂದ ನೋಡುವವನ ಕಥೆ ಇದೇ. ಕಾಣಿಸುತ್ತದೆ, ಏನೂ ಮಾಡಲಾಗುವುದಿಲ್ಲ, ಹಾಗಾಗಿ ಕಂಡದ್ದೆಲ್ಲ ಎರಡರಷ್ಟು ದೊಡ್ಡದು. ಫರಂಗಿಪೇಟೆಯಲ್ಲಿ 2025ರ ಫೆಬ್ರವರಿಯಲ್ಲಿ ಒಬ್ಬ ಪಿಯುಸಿ ಹುಡುಗ ಕಾಣೆಯಾದ. ಅವನ ಬಗ್ಗೆ ಈ ರೂಮಿಗೆ ಬಂದ ವಾಯ್ಸ್ ಮೆಸೇಜ್‌ಗಳನ್ನು ಕೇಳಿದ್ದರೆ ನೀವು ಊರಿನ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಗಾಂಜಾ ಗ್ಯಾಂಗ್, ಕಿಡ್ನ್ಯಾಪ್, ಇನ್ನೂ ಏನೇನೋ. ಪೇಟೆ ಬಂದ್ ಆಯಿತು, ಹೈಕೋರ್ಟ್ ತನಕ ಹೋಯಿತು. ಹತ್ತು ಹನ್ನೆರಡು ದಿನ ಕಳೆದು ಹುಡುಗ ಉಡುಪಿಯಲ್ಲಿ ಸಿಕ್ಕಿದ. ಪರೀಕ್ಷೆಗೆ ಹೆದರಿ ಓಡಿಹೋಗಿದ್ದ. ಆ ವಾಯ್ಸ್ ಮೆಸೇಜ್ ಫಾರ್ವರ್ಡ್ ಮಾಡಿದವರಲ್ಲಿ ಒಬ್ಬರಾದರೂ "ತಪ್ಪಾಯಿತು" ಅಂತ ಇನ್ನೊಂದು ಮೆಸೇಜ್ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಇನ್ನೊಂದು ಮಾತು, ಇದಕ್ಕೆ ನನ್ನ ಜೊತೆಯವರಿಗೆ ಸಿಟ್ಟು ಬರಬಹುದು. ಇಲ್ಲಿ ಎಲ್ಲರೂ ಎಷ್ಟು ಚಂದ ಒಟ್ಟಿಗೆ ಇದ್ದೇವೆ ನೋಡಿ, ಊರಿನವರಿಗೆ ಬುದ್ಧಿ ಇಲ್ಲ ಅಂತ ಭಾಷಣ ಬಿಗಿಯುತ್ತೇವಲ್ಲ, ಅದು ಪೂರ್ತಿ ನಿಜ ಅಲ್ಲ ಮಾರಾಯ್ರೆ. ಇಲ್ಲಿ ಧರ್ಮದ ಹೆಸರಲ್ಲಿ ದ್ವೇಷ ಕಾರಿದರೆ ಜೈಲು, ದಂಡ, ಆಮೇಲೆ ಊರಿನ ವಿಮಾನ. 2015ರಲ್ಲೇ ಅದಕ್ಕೆ ಕಾನೂನು ಬಂದಿದೆ. 2020ರಲ್ಲಿ ಫೇಸ್‌ಬುಕ್ಕಿನಲ್ಲಿ ಬಾಯಿಗೆ ಬಂದದ್ದು ಬರೆದ ನಮ್ಮ ದೇಶದವರು ಕೆಲಸ ಕಳೆದುಕೊಂಡದ್ದನ್ನು ನೋಡಿದ್ದೇವೆ. ಅದಕ್ಕೇ ಇಲ್ಲಿ ನಾವು ಒಳ್ಳೆಯವರು. ಊರಿನ ಗ್ರೂಪಿನಲ್ಲಿ ಯಾಕೆ ಹಾಗಿಲ್ಲ? ಒಂದು ಸಲ ನಾನಿದ್ದ ಒಂದು ಗ್ರೂಪಿನಲ್ಲಿ "ಹುಡುಗರಿಗೆ ವಕೀಲರ ಖರ್ಚಿಗೆ" ಅಂತ ಹಣ ಎತ್ತಿದರು. ಯಾವ ಹುಡುಗರು, ಏನು ಕೇಸು, ಯಾರೂ ಬಿಡಿಸಿ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನೂರು, ಇನ್ನೂರು ದಿರ್ಹಮ್, ಕೆಳಗೆ ಕೈಮುಗಿದ ಎಮೋಜಿ. ನಾನು ಕೊಡಲಿಲ್ಲ. ಆದರೆ ಕೇಳಲೂ ಇಲ್ಲ. ಮೆಲ್ಲ ಗ್ರೂಪಿನಿಂದ ಹೊರಗೆ ಬಂದೆ, ಮೂರು ತಿಂಗಳು ಬಿಟ್ಟು, ಯಾರಿಗೂ ಗೊತ್ತಾಗದ ಹಾಗೆ. ಆಚೆಯವರ ಗ್ರೂಪಿನಲ್ಲೂ ಹೀಗೇ ನಡೆಯುತ್ತದೆ ಅಂತ ರೂಮ್‌ಮೇಟ್ ಹೇಳಿದ. ಅದನ್ನು ಹೇಳುವಾಗ ಇಬ್ಬರಿಗೂ ಸ್ವಲ್ಪ ಸಮಾಧಾನ ಆಯಿತು. ಅದೂ ನಾಚಿಕೆಗೇಡು.

ಬುದ್ಧಿವಂತರ ಜಿಲ್ಲೆ ನಮ್ಮದು!

2025ರ ಜೂನಿನಲ್ಲಿ ಸರಕಾರ ವಿಶೇಷ ಕಾರ್ಯಪಡೆ ಅಂತ ಮಾಡಿತು, ನಕ್ಸಲ್ ನಿಗ್ರಹ ಪಡೆಯಿಂದ ತೆಗೆದ 248 ಜನ. ಮೂವತ್ತಾರು ಜನರ ಗಡಿಪಾರಿಗೆ ಪೊಲೀಸರು ಹೊರಟರು. ಆಮೇಲೆ ಸ್ವಲ್ಪ ತಣ್ಣಗಾಯಿತು. ಎಷ್ಟು ದಿನಕ್ಕೆ ಅಂತ ನಮ್ಮಮ್ಮ ಕೇಳುವುದಿಲ್ಲ. ಅವಳಿಗೆ ಇದರಲ್ಲಿ ಆಸಕ್ತಿಯೇ ಇಲ್ಲ. ನಾನು ಫೋನಿನಲ್ಲಿ ಶುರು ಮಾಡಿದರೆ, "ಇಲ್ಲಿ ಹಲಸಿನಕಾಯಿ ಬಿದ್ದು ಬಿದ್ದು ಕೊಳೀತಾ ಉಂಟು, ಕೊಯ್ಯಲಿಕ್ಕೆ ಜನ ಇಲ್ಲ, ಅದರ ಮಧ್ಯೆ ನಿನ್ನದೊಂದು" ಅನ್ನುತ್ತಾಳೆ. ಒಂದು ಲೆಕ್ಕಕ್ಕೆ ಅವಳೇ ಸರಿ. ಅವಳ ದಿನದಲ್ಲಿ ಹಾಲಿನವನು ಬರುತ್ತಾನೆ, ಮೀನಿನ ಬ್ಯಾರಿ ಗಾಡಿಯ ಹಾರ್ನ್ ಹೊಡೆಯುತ್ತಾನೆ, ಬೂತಾಯಿ ದುಬಾರಿ ಅಂತ ಜಗಳ ಆಗುತ್ತದೆ. ನನ್ನ ಫೋನಿನಲ್ಲಿ ಇವು ಯಾವುವೂ ಬರುವುದಿಲ್ಲ, ಕೊಲೆ ಮಾತ್ರ ಬರುತ್ತದೆ. ಆದರೆ ತಮ್ಮ ಅಂಗಡಿಯನ್ನು ಮೊದಲಿನ ಹಾಗೆ ಹನ್ನೊಂದರ ತನಕ ತೆರೆದಿಡುವುದಿಲ್ಲ. ಯಾವ ಆರ್ಡರೂ ಇಲ್ಲದ ದಿನವೂ ಒಂಬತ್ತೂವರೆಗೆ ಮುಚ್ಚುತ್ತಾನೆ. ಯಾಕೆ ಅಂತ ಕೇಳಿದರೆ, "ಜನ ಇಲ್ಲ" ಅನ್ನುತ್ತಾನೆ. ಅಂಗಡಿ ಮುಚ್ಚುತ್ತದೆ ಅಂತ ಜನ ಬರುವುದಿಲ್ಲ, ಜನ ಬರುವುದಿಲ್ಲ ಅಂತ ಅಂಗಡಿ ಮುಚ್ಚುತ್ತದೆ.

ಕಳೆದ ರಜೆಯಲ್ಲಿ ಊರಿಗೆ ಹೋಗುವಾಗ ರೂಮ್‌ಮೇಟ್ ಒಂದು ಪಾರ್ಸೆಲ್ ಕೊಟ್ಟ. ಎಂದಿನದ್ದೇ, ಟ್ಯಾಂಗ್, ನಿಡೊ ಹಾಲಿನ ಪುಡಿ, ತಲೆನೋವಿಗೆ ಹಚ್ಚುವ ಆ್ಯಕ್ಸ್ ಆಯಿಲ್, ಅವನ ಉಮ್ಮನಿಗೆ ಮೊಣಕಾಲಿನ ಪಟ್ಟಿ. ಒಂಬತ್ತು ವರ್ಷದಲ್ಲಿ ಎಷ್ಟು ಸಲ ಕೊಟ್ಟಿದ್ದೇನೋ ಏನೋ. ಈ ಸಲ ತಮ್ಮ, "ಸಂಜೆ ಹೋಗಬೇಡ, ನಾಳೆ ಬೆಳಗ್ಗೆ ನಾನೂ ಬರ್ತೇನೆ" ಅಂದ. ನಾನು ಕೇಳಲಿಲ್ಲ, ಐದೂವರೆಗೆ ಅವನ ಬೈಕಿನಲ್ಲೇ ಹೊರಟೆ. ಹೆದ್ದಾರಿಯಲ್ಲಿ ಪೊಲೀಸರ ನಾಕಾಬಂದಿ ಇತ್ತು. ಎಲ್ಲಿಗೆ ಅಂತ ಕೇಳಿದರು. ಫರಂಗಿಪೇಟೆ ಅಂದೆ. ಯಾರ ಮನೆಗೆ? ನನ್ನ ಬಾಯಿ ಒಂದು ಗಳಿಗೆ ತಡೆಯಿತು. ಫ್ರೆಂಡ್ ಮನೆಗೆ, ಅಂದೆ. ಹೆಸರು ಹೇಳಲಿಲ್ಲ. ಅವರೂ ಕೇಳಲಿಲ್ಲ.

ಉಮ್ಮ ಬಾಗಿಲಲ್ಲೇ ಇದ್ದರು. ಒಳಗೆ ಕರೆದು ಕೂರಿಸುವ ಮೊದಲು ಗೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಚಾ, ಪತ್ತಿರ್, ಮಗ ಸಪೂರ ಆಗಿದ್ದಾನಾ, ಸಿಗರೇಟ್ ಬಿಟ್ಟಿದ್ದಾನಾ. ಬಿಟ್ಟಿದ್ದಾನೆ ಅಂತ ಸುಳ್ಳು ಹೇಳಿದೆ. ಇನ್ನೊಂದು ಪತ್ತಿರ್ ಹಾಕಿದರು, ಆದರೆ ಕಣ್ಣು ಗಡಿಯಾರದ ಮೇಲಿತ್ತು. "ಕತ್ತಲಾಗುವ ಮೊದಲು ಹೊರಡಿ ಮಗಾ. ಕೂರಿ ಅಂತ ಹೇಳುವುದಿಲ್ಲ. ಮುಟ್ಟಿದ ಕೂಡಲೇ ಒಂದು ಫೋನ್ ಮಾಡಿ."

ಬಿ.ಸಿ.ರೋಡಿಗೆ ಬರುವಾಗ ಹಳೇ ಕ್ಲಾಸ್‌ಮೇಟ್ ಒಬ್ಬ ಸಿಕ್ಕಿದ. ತಮ್ಮನ ಅಂಗಡಿಯಲ್ಲೇ ಕೂತು ಮಾತಾಡುತ್ತಾ ಉಮ್ಮನ ಮಾತು ಮರೆತೇ ಹೋಯಿತು. ತಮ್ಮ ಶಟರ್ ಎಳೆದ, ಬೀಗ ಎರಡು ಸಲ ಜಗ್ಗಿದ. ನಾನು ಹಿಂದೆ ಕೂತೆ. ಸೇತುವೆ ಮೇಲೆ ಬರುವಾಗ ಕಿಸೆಯಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ದುಬೈ ನಂಬರ್. ತಮ್ಮನಿಗೆ ನಿಲ್ಲಿಸಲು ಹೇಳಿ ಎತ್ತಿದೆ.

"ಎಲ್ಲಿ ಸತ್ತಿದ್ದೀಯ ಮಾರಾಯ?" ರೂಮ್‌ಮೇಟಿನ ಸ್ವರ ನಡುಗುತ್ತಿತ್ತು. "ಉಮ್ಮ ಮೂರು ಸಲ ಫೋನ್ ಮಾಡಿದರು. ಊಟ ಮಾಡದೆ ಕೂತಿದ್ದಾರೆ. ಮುಟ್ಟಿದ್ಯಾ?"